ಬ್ಯಾಟ್ ಅಡ್ಡ ಹಿಡಿದರೆ ಸಾಕಾ? ಬಂಟ್‌ನಲ್ಲಿ ಅಂಪೈರ್ ನೋಡುವುದೇನು

ಬೇಸ್‌ಬಾಲ್ ಬ್ಯಾಟರ್ ಬ್ಯಾಟನ್ನು ಅಡ್ಡ ಹಿಡಿದು, ಒಂದು ಕೈಯನ್ನು ಅದರ ಮಧ್ಯಕ್ಕೆ ಜಾರಿಸಿದ ಅಂದರೆ ಬಂಟ್‌ಗೆ ತಯಾರಾದ ಅಂತ ಲೆಕ್ಕ. ಜೋರಾಗಿ ಬೀಸದೆ, ಚೆಂಡನ್ನು ಮೆಲ್ಲಗೆ ತಟ್ಟಿ ಹತ್ತಿರದಲ್ಲೇ ಉರುಳಿಸುವ ಉಪಾಯ ಇದು. ಚೆಂಡು ಬ್ಯಾಟಿಗೆ ತಾಗದೆ ಹೋದಾಗ ಅಂಪೈರ್‌ಗೆ ತಲೆನೋವು ಶುರು.

ಮೊದಲು ಚೆಂಡಿನ ದಾರಿ ನೋಡಬೇಕು. ಸ್ಟ್ರೈಕ್ ವಲಯದೊಳಗೆ, ಅಂದರೆ ಹೋಂ ಪ್ಲೇಟ್ (ಬ್ಯಾಟರ್ ಪಕ್ಕ ನೆಲದಲ್ಲಿರುವ ಫಲಕ) ಮೇಲೆ ಮೊಣಕಾಲಿನಿಂದ ಎದೆಯವರೆಗಿನ ಜಾಗದಲ್ಲಿ ಬಂದಿದ್ದರೆ, ಬ್ಯಾಟರ್ ಮನಸ್ಸಲ್ಲಿ ಏನಿದ್ದರೂ ಅದು ಸ್ಟ್ರೈಕೇ (ಇಂಥವು ಮೂರಾದರೆ ಬ್ಯಾಟರ್ ಔಟ್).

ಹೊರಗೆ ಹೋಗಿದ್ದರೆ ಕಣ್ಣು ಬ್ಯಾಟಿನ ಮೇಲೆ. ‘ಬ್ಯಾಟ್ ಹಿಂದಕ್ಕೆ ಎಳೆದುಕೊಳ್ಳಲಿಲ್ಲ, ಹಾಗಾಗಿ ಸ್ಟ್ರೈಕ್’ ಅಂತ ಜಾಸ್ತಿ ಜನ ವಾದಿಸುತ್ತಾರೆ. ಅಮೆರಿಕದ ಮೇಜರ್ ಲೀಗ್ ನಿಯಮದಲ್ಲಿ ಹಾಗಿಲ್ಲ. ಬ್ಯಾಟರ್ ಚೆಂಡಿಗೆ ಹೊಡೆಯಲು ಹೋದನಾ ಅನ್ನುವುದಷ್ಟೇ ಪ್ರಶ್ನೆ. ಚೆಂಡು ಒಂದು ಗೇಣು ಆಚೆ ಹೋಯಿತು, ಹೋಂ ಪ್ಲೇಟ್ ಮೇಲಿದ್ದ ಬ್ಯಾಟ್ ಅಲುಗಲೇ ಇಲ್ಲ ಅಂದುಕೊಳ್ಳಿ. ಅದು ‘ಬಾಲ್’, ಅಂದರೆ ಬ್ಯಾಟರ್ ಪರವಾಗಿ ಎಣಿಸುವ ಎಸೆತ. ಅದೇ ಚೆಂಡಿಗೆ ಮಣಿಕಟ್ಟು ಎರಡು ಬೆರಳಷ್ಟು ಚೆಂಡಿನ ಕಡೆ ಸರಿದಿದ್ದರೆ ಸ್ಟ್ರೈಕ್. ಬ್ಯಾಟ್ ಸುಮ್ನೆ ಎಲ್ಲಿತ್ತು ಅನ್ನುವುದಕ್ಕಿಂತ ಅದು ಚೆಂಡನ್ನು ಹುಡುಕಿಕೊಂಡು ಹೋಯಿತಾ ಅನ್ನುವುದೇ ಮುಖ್ಯ. ಆದರೂ ಜಾಣ ಬ್ಯಾಟರ್ ಬ್ಯಾಟ್ ಎಳೆದುಕೊಂಡೇ ಬಿಡುತ್ತಾನೆ. ಅನುಮಾನಕ್ಕೆ ಯಾಕೆ ಜಾಗ ಕೊಡಬೇಕು, ಅಲ್ವಾ?

ಅಂಪೈರ್ ‘ಬಾಲ್’ ಅಂದಮೇಲೆ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಅಥವಾ ಅವನ ತಂಡದ ಮ್ಯಾನೇಜರ್ ಇನ್ನೊಬ್ಬ ಅಂಪೈರ್‌ನನ್ನು ಕೇಳಿ ಅನ್ನಬಹುದು. ಬಲಗೈ ಬ್ಯಾಟರ್ ಆದರೆ ಮೊದಲ ಬೇಸ್ (ಬ್ಯಾಟರ್ ಓಡಿ ಮುಟ್ಟಬೇಕಾದ ಮೊದಲ ನಿಲ್ದಾಣ) ಹತ್ತಿರದ ಅಂಪೈರನ್ನು, ಎಡಗೈ ಆದರೆ ಮೂರನೇ ಬೇಸ್ ಹತ್ತಿರದವರನ್ನು. ಬ್ಯಾಟ್ ಮುಂದೆ ಸರಿದದ್ದು ಪಕ್ಕದಿಂದ ನೋಡುವವರಿಗೇ ಚೆನ್ನಾಗಿ ಕಾಣುತ್ತದೆ. ‘ಸ್ಟ್ರೈಕ್’ ಅಂದುಬಿಟ್ಟಿದ್ದರೆ ಹೀಗೆ ಕೇಳುವಂತಿಲ್ಲ.

ಎರಡು ಸ್ಟ್ರೈಕ್ ಆಗಿರುವಾಗ ಇನ್ನೂ ಎಚ್ಚರ ಬೇಕು. ಮಾಮೂಲಿ ಹೊಡೆತ ಫೌಲ್ ಗೆರೆ (ಆಟದ ಅಂಗಳದ ಬದಿಯ ಗೆರೆ) ದಾಟಿ ಹೊರಗೆ ಹೋದರೆ, ಅಂದರೆ ಫೌಲಾದರೆ, ಬ್ಯಾಟರ್ ಉಳಿಯುತ್ತಾನೆ, ಬಂಟ್ ಮಾಡಿದ ಚೆಂಡು ಫೌಲಾದರೆ ಔಟ್. ಆದರೆ ಮೈಮೇಲೆ ಬಂದ ಚೆಂಡಿನಿಂದ ತಪ್ಪಿಸಿಕೊಳ್ಳುವಾಗ ಅದು ಅಕಸ್ಮಾತ್ ಬ್ಯಾಟಿಗೆ ತಾಗಿ ಫೌಲಾದರೆ? ಅದು ಬರೀ ಫೌಲ್. ಬೇಕೆಂದೇ ತಟ್ಟಿದರೆ ಮಾತ್ರ ಬಂಟ್.

ಕೊನೆಗೆ ಬೆರಳಿಗೆ ಪೆಟ್ಟು ಬಿದ್ದಾಗಿನ ಗಲಾಟೆ. ಕೈ ಬ್ಯಾಟಿನ ಭಾಗ ಅನ್ನುವುದು ತಪ್ಪು ಕಲ್ಪನೆ. ಸ್ಟ್ರೈಕ್ ವಲಯದ ಹೊರಗಿನ ಚೆಂಡು, ಬ್ಯಾಟ್ ಎಳೆದುಕೊಳ್ಳುವಾಗ ಕೈಗೆ ಬಡಿದರೆ ಬ್ಯಾಟರ್‌ಗೆ ಮೊದಲ ಬೇಸ್ ಸಿಗುತ್ತದೆ. ಬಂಟ್ ಮಾಡಲು ಹೋಗಿ ಬಡಿಸಿಕೊಂಡರೆ ಆಟ ನಿಲ್ಲುತ್ತದೆ, ಬೇಸ್ ಇಲ್ಲ. ಬೆರಳು ಊದಿಸಿಕೊಂಡಿದ್ದಲ್ಲದೆ ಮೇಲೊಂದು ಸ್ಟ್ರೈಕ್ ಬೇರೆ.