ಮೈದಾನದ ಗಂಟೆಗಳು ಸಂಬಳದ ಲೆಕ್ಕಕ್ಕೆ ಬಂದ ಬಗೆ: ನನ್ನ ಅನುಭವ

ಸ್ನಾತಕೋತ್ತರ ಪದವಿ ಮುಗಿಸಿ, ಕಾಲೇಜೊಂದರಲ್ಲಿ ದೈಹಿಕ ಕ್ಷಮತೆ ಮತ್ತು ಮನರಂಜನಾ ಚಟುವಟಿಕೆಗಳನ್ನು ಬೋಧಿಸಲು ಸೇರಿದಾಗ ನನ್ನ ನೇಮಕಾತಿ ಆದೇಶದಲ್ಲಿ ‘ಫಿಟ್‌ನೆಸ್ ತರಬೇತುದಾರ, ಅರೆಕಾಲಿಕ’ ಎಂದು ಬರೆದಿತ್ತು. ಗಂಟೆಯ ದರ ಎಷ್ಟೆಂದು ನೋಡಿ ತೃಪ್ತನಾಗಿ ಸಹಿ ಹಾಕಿದೆ. ಹುದ್ದೆಯ ಹೆಸರನ್ನು ಎರಡನೆಯ ಬಾರಿ ಓದಲಿಲ್ಲ. ಮುಂದಿನ ನಾಲ್ಕು ವರ್ಷ ನನ್ನ ಸಂಬಳವನ್ನು ನಿರ್ಧರಿಸಿದ್ದು ದರಕ್ಕಿಂತ ಹೆಚ್ಚಾಗಿ ಆ ಹೆಸರು.

ಅದು ನನಗೆ ತಿಳಿದದ್ದು ತಡವಾಗಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2008ರ ವೃತ್ತಿ ವರ್ಗೀಕರಣದಲ್ಲಿ ವಿಶ್ವವಿದ್ಯಾಲಯ ಹಾಗೂ ಉನ್ನತ ಶಿಕ್ಷಣದ ಶಿಕ್ಷಕರಿಗೆ 2310 ಎಂಬ ಸಂಖ್ಯೆಯಿದ್ದರೆ, ಫಿಟ್‌ನೆಸ್ ಮತ್ತು ಮನರಂಜನಾ ಬೋಧಕರಿಗೆ 3423 ಎಂಬ ಸಂಖ್ಯೆಯಿದೆ. ಮೊದಲನೆಯದು ವೃತ್ತಿಪರರ ಗುಂಪು, ಎರಡನೆಯದು ತಂತ್ರಜ್ಞರ ಗುಂಪು. ಅಮೆರಿಕದ ವರ್ಗೀಕರಣವಂತೂ ಕಾಲೇಜಿನಲ್ಲಿ ಈ ವಿಷಯ ಕಲಿಸುವವರಿಗೆಂದೇ 25-1193 ಎಂಬ ಸಂಖ್ಯೆಯನ್ನು ಇಟ್ಟು, ವ್ಯಾಯಾಮ ತರಬೇತುದಾರರನ್ನು 39-9031ರ ಅಡಿಯಲ್ಲಿ ಬೇರೆಯಾಗಿ ಎಣಿಸುತ್ತದೆ. ನಾನು ಪಾಠ ಹೇಳುತ್ತಿದ್ದೆ, ಪರೀಕ್ಷೆ ನಡೆಸುತ್ತಿದ್ದೆ, ಅಂಕ ಕೊಡುತ್ತಿದ್ದೆ. ಆದರೂ ಕಾಗದದ ಮೇಲೆ ಎರಡನೆಯ ಸಾಲಿನವನಾಗಿದ್ದೆ. ‘ಮನರಂಜನೆ’ ಎಂಬ ಪದವೂ ನಮಗೆ ಉಪಕಾರ ಮಾಡಿಲ್ಲ. ಜನರ ವಿರಾಮಕಾಲವನ್ನು ಆರೋಗ್ಯಕರವಾಗಿ ಯೋಜಿಸುವ ಶಾಸ್ತ್ರವೊಂದಿದೆ ಎಂದು ವಿವರಿಸುವಷ್ಟರಲ್ಲಿ ಕೇಳುವವರು ‘ಆಟ ಆಡಿಸುವುದಕ್ಕೂ ಸಂಬಳವೇ’ ಎಂದು ನಕ್ಕಿರುತ್ತಾರೆ.

ಎರಡನೆಯ ವರ್ಷದಿಂದ ಒಂದು ದಿನಚರಿಯಲ್ಲಿ ಕೆಲಸದ ಗಂಟೆಗಳನ್ನು ಬರೆದಿಡತೊಡಗಿದೆ. ನಮ್ಮಲ್ಲಿ ಮೈದಾನದ 3 ಗಂಟೆಗಳನ್ನು ಕಾರ್ಯಭಾರದ, ಅಂದರೆ ಸಂಬಳಕ್ಕೆ ಲೆಕ್ಕ ಹಿಡಿಯುವ ಬೋಧನೆಯ, 2 ಗಂಟೆಗಳೆಂದು ಎಣಿಸುತ್ತಿದ್ದರು; ತರಗತಿ ಕೋಣೆಯ ಪಾಠಕ್ಕೆ ಅಂಥ ಕಡಿತವಿರಲಿಲ್ಲ. ಪ್ರಾಯೋಗಿಕ ತರಗತಿಗೆ ಪೂರ್ವಸಿದ್ಧತೆ ಕಡಿಮೆ ಎಂಬುದು ಆಡಳಿತದವರ ವಾದವಾಗಿತ್ತು. ದಿನಚರಿ ಹೇಳಿದ ಕಥೆ ಬೇರೆ. ಪ್ರತಿ ತರಗತಿಗೂ ಮುಂಚೆ ಕಾಲು ಗಂಟೆ ಸಲಕರಣೆಗಳನ್ನು ಪರೀಕ್ಷಿಸಿ ಜೋಡಿಸಬೇಕಿತ್ತು, ಮುಗಿದ ಮೇಲೆ ಇನ್ನೊಂದು ಕಾಲು ಗಂಟೆ ಅವನ್ನು ಎತ್ತಿಡಬೇಕಿತ್ತು. ಇವುಗಳ ಜೊತೆಗೆ ವಿದ್ಯಾರ್ಥಿಗಳ ಆರೋಗ್ಯ ಪ್ರಶ್ನಾವಳಿಯನ್ನು ಓದಿ ಯಾರಿಗೆ ಯಾವ ವ್ಯಾಯಾಮ ಸಲ್ಲದು ಎಂದು ಗುರುತಿಸುವುದು, ಗಾಯಗಳ ದಾಖಲೆ ಇಡುವುದು, 20 ಮೀಟರ್ ಅಂತರದ ಎರಡು ಗೆರೆಗಳ ನಡುವೆ ಹಿಂದೆ ಮುಂದೆ ಓಡಿಸುವ ಶಟಲ್ ಓಟದಂಥ ಪರೀಕ್ಷೆಯನ್ನು 40 ಮಂದಿಗೆ ತಂಡ ತಂಡವಾಗಿ ನಡೆಸಿ, ಗೈರಾದವರಿಗೆ ಮತ್ತೊಮ್ಮೆ ನಡೆಸುವುದು, ಇವೆಲ್ಲ ನನ್ನ ಪಾಲಿಗೇ ಇದ್ದವು.

ದರವನ್ನು ಲೆಕ್ಕದ ಅನುಕೂಲಕ್ಕಾಗಿ ಗಂಟೆಗೆ 100 ಎಂದಿಟ್ಟುಕೊಳ್ಳಿ. ವಾರಕ್ಕೆ ಮೈದಾನದಲ್ಲಿ 12 ಗಂಟೆ, ಅದರಲ್ಲಿ ಸಂಬಳ ಸಿಗುವುದು 8 ಗಂಟೆಗೆ, ಅಂದರೆ 800. ಜೋಡಣೆಗೆ 6 ಗಂಟೆ, ದಾಖಲೆ ಮತ್ತು ಮೌಲ್ಯಮಾಪನಕ್ಕೆ 4 ಗಂಟೆ ಸೇರಿಸಿದರೆ ನಿಜವಾದ ದುಡಿಮೆ 22 ಗಂಟೆ. ಗಂಟೆಗೆ ಉಳಿದದ್ದು 36. ಅದನ್ನು ಕಂಡು ಸಿಟ್ಟಾಗಿ ಸಿದ್ಧಾಂತ ಬೋಧಿಸುವ ಸಹೋದ್ಯೋಗಿಯೊಬ್ಬರ ಮುಂದೆ ಹೇಳಿಕೊಂಡಾಗ ಅವರು ತಮ್ಮ ಲೆಕ್ಕವನ್ನೂ ಹಾಕಿ ತೋರಿಸಿದರು. ಅವರ 8 ಗಂಟೆಯ ಪಾಠಕ್ಕೆ ಸಿದ್ಧತೆ ಮತ್ತು ಉತ್ತರಪತ್ರಿಕೆ ಸೇರಿ ಇನ್ನೂ 12 ಗಂಟೆ ಬೇಕಾಗುತ್ತಿತ್ತು. ಅವರಿಗೆ ಉಳಿಯುತ್ತಿದ್ದದ್ದು 40. ನಾನೆಣಿಸಿದಷ್ಟು ಅಂತರ ದರದಲ್ಲಿ ಇರಲಿಲ್ಲ.

ಅಂತರವಿದ್ದದ್ದು ಪೂರ್ಣಾವಧಿಯ ಹೊಸ್ತಿಲಿನಲ್ಲಿ. ಕಾರ್ಯಭಾರ 16 ಗಂಟೆ ತುಂಬಿದವರಷ್ಟೇ ಪೂರ್ಣಾವಧಿಯ ಹುದ್ದೆಗೆ ಅರ್ಹರು. ಆ ಸಹೋದ್ಯೋಗಿ ವಾರಕ್ಕೆ 16 ಗಂಟೆ ಪಾಠ ಮಾಡಿ ಅಲ್ಲಿಗೆ ಮುಟ್ಟಿದರೆ ನಾನು ಮೈದಾನದಲ್ಲಿ 24 ಗಂಟೆ ನಿಲ್ಲಬೇಕಿತ್ತು. ಅಷ್ಟು ಹೊತ್ತು ಕೂಗಿ, ಓಡಿ, ಬಾಗಿ ತೋರಿಸುವುದನ್ನು ದೇಹ ವರ್ಷಗಟ್ಟಲೆ ತಾಳದು. ಮೂರನೆಯ ವರ್ಷ ಪ್ರತಿಯೊಂದು ವ್ಯಾಯಾಮವನ್ನೂ ನಾನೇ ಮಾಡಿ ತೋರಿಸುವ ಹಟದಲ್ಲಿ ಮೊಣಕಾಲು ನೋಯಿಸಿಕೊಂಡು ಐದು ವಾರ ಮನೆಯಲ್ಲಿ ಕುಳಿತೆ. ಗಂಟೆಯ ಲೆಕ್ಕದ ಒಪ್ಪಂದದಲ್ಲಿ ಅನಾರೋಗ್ಯ ರಜೆ ಇರಲಿಲ್ಲ, ಐದು ವಾರದ ಹಣವೂ ಬರಲಿಲ್ಲ.

ಇನ್ನೊಂದು ಲೆಕ್ಕವನ್ನು ಹೊಸಬರು ಖಂಡಿತ ಮಾಡಬೇಕು. ತಲಾ 16 ವಾರದ ಎರಡು ಅವಧಿಗಳೆಂದರೆ 32 ವಾರ. ಉಳಿದ 20 ವಾರ ಬರಿಗೈ. ವಾರಕ್ಕೆ 800 ಎಂದು ಕಂಡದ್ದನ್ನು 52 ವಾರಗಳಿಗೆ ಹರಡಿದರೆ 492 ಆಗುತ್ತದೆ. ಅಮೆರಿಕದ ಸರ್ಕಾರಿ ವೇತನ ಪಟ್ಟಿಗಳು ಕಾಲೇಜು ಶಿಕ್ಷಕರಿಗೆ ಗಂಟೆಯ ದರ ಕೊಡದೆ ವಾರ್ಷಿಕ ಮೊತ್ತವನ್ನಷ್ಟೇ ಕೊಡುವುದರ ಹಿಂದೆಯೂ ಇದೇ ತೊಡಕಿದೆ. ಬಿಡುವಿನ ವಾರಗಳಲ್ಲಿ ನಾನು ಕಚೇರಿ ನೌಕರರಿಗೆ ವ್ಯಾಯಾಮ ಶಿಬಿರ ನಡೆಸಿ ಹೊಟ್ಟೆ ಹೊರೆದೆ.

ನಾಲ್ಕನೆಯ ವರ್ಷ ದಿನಚರಿಯ ಸಾರವನ್ನು ಎರಡು ಪುಟಕ್ಕೆ ಇಳಿಸಿ ಆಡಳಿತದ ಮುಂದಿಟ್ಟೆ. ಉನ್ನತ ಶಿಕ್ಷಣದ ಬೋಧಕರ ಸ್ಥಾನಮಾನ ಕುರಿತು ಯುನೆಸ್ಕೊ 1997ರಲ್ಲಿ ಅಂಗೀಕರಿಸಿದ ಶಿಫಾರಸು, ನಿಯಮಿತವಾಗಿ ದುಡಿಯುವ ಅರೆಕಾಲಿಕರಿಗೆ ಪೂರ್ಣಾವಧಿಯವರಿಗೆ ಸಮಪ್ರಮಾಣದ ವೇತನ ದೊರೆಯಬೇಕು ಎನ್ನುತ್ತದೆ, ಅದನ್ನೂ ಉಲ್ಲೇಖಿಸಿದ್ದೆ. ಶಿಫಾರಸು ಯಾರನ್ನೂ ಕಟ್ಟಿಹಾಕುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಅವರು ನಿಂತು ಓದಿದ್ದು ಗಾಯಗಳ ದಾಖಲೆಯ ಪುಟವನ್ನು. ಯಾರಾದರೂ ಬಿದ್ದು ಪೆಟ್ಟಾದರೆ ಹೊಣೆ ಯಾರದೆಂಬ ಪ್ರಶ್ನೆ ಅಲ್ಲಿ ತಾನಾಗಿಯೇ ಎದ್ದಿತು. ಮೂರಕ್ಕೆ ಎರಡು ಎಂಬ ಎಣಿಕೆ ಬದಲಾಗಲಿಲ್ಲ. ಆದರೆ ಕ್ಷಮತಾ ಪರೀಕ್ಷೆಯ ವಾರಗಳನ್ನು ಪೂರ್ತಿಯಾಗಿ ಎಣಿಸಲು ಒಪ್ಪಿದರು, ವ್ಯಾಯಾಮ ಶರೀರಕ್ರಿಯಾ ಶಾಸ್ತ್ರ ಹಾಗೂ ಮಾಪನ ಮತ್ತು ಮೌಲ್ಯಮಾಪನ ಎಂಬ ಎರಡು ಸಿದ್ಧಾಂತ ವಿಷಯಗಳನ್ನು ನನಗೆ ವಹಿಸಿದರು, ಮುಂದಿನ ಆದೇಶದಲ್ಲಿ ‘ತರಬೇತುದಾರ’ ಎಂಬುದನ್ನು ‘ಬೋಧಕ’ ಎಂದು ತಿದ್ದಿದರು. ಎರಡು ವರ್ಷಗಳ ನಂತರ ಪೂರ್ಣಾವಧಿ ಹುದ್ದೆಯೊಂದು ತೆರವಾದಾಗ, ಹಾಗೆ ತಿದ್ದಿದ ಮೇಲಿನ ಸೇವೆಯನ್ನು ಮಾತ್ರ ಬೋಧನಾ ಅನುಭವವೆಂದು ಪರಿಗಣಿಸಿದರು. ಹಿಂದಿನ ನಾಲ್ಕು ವರ್ಷ ಲೆಕ್ಕಕ್ಕೆ ಬರಲಿಲ್ಲ.

ಅಂದು ಆಯ್ಕೆಯಾದ ಸಂತೋಷದಲ್ಲಿ ಇನ್ನೊಂದು ತಪ್ಪು ಮಾಡಿದೆ. ವೇತನ ಶ್ರೇಣಿಯ ಯಾವ ಹಂತದಿಂದ ನನ್ನನ್ನು ಆರಂಭಿಸುತ್ತಾರೆಂದು ಕೇಳಲಿಲ್ಲ. ಪ್ರಮಾಣಪತ್ರಗಳನ್ನೂ ಶಿಬಿರಗಳ ಅನುಭವವನ್ನೂ ಸೇರುವ ಮೊದಲೇ ಮುಂದಿಟ್ಟಿದ್ದರೆ ಒಂದು ಹಂತ ಮೇಲಿನಿಂದ ಆರಂಭಿಸುವ ಅವಕಾಶ ನಿಯಮದಲ್ಲೇ ಇತ್ತು. ಸೇರಿದ ಮೇಲೆ ಅದನ್ನು ಕೇಳುವಂತಿರಲಿಲ್ಲ. ನನ್ನ ಜೊತೆಯಲ್ಲೇ ಸೇರಿದ, ಕೇಳಿ ಪಡೆದ ಸಹೋದ್ಯೋಗಿಗಿಂತ ಪ್ರತಿ ವಾರ್ಷಿಕ ವೇತನ ಬಡ್ತಿಯಲ್ಲೂ ನಾನು ಇಂದಿಗೂ ಆ ಒಂದು ಹಂತ ಹಿಂದೆಯೇ ಇದ್ದೇನೆ.