ರಾತ್ರಿ ಹಲ್ಲು ಕಡಿಯುತ್ತೀರಾ? ಹಗಲಿಂದಲೇ ಶುರು ಮಾಡಿ

ಅಟ್ಟಕ್ಕೆ ಇಲಿ ಸೇರಿದೆ ಅಂತ ನಮ್ಮ ಮನೆಯವರು ಎರಡು ರಾತ್ರಿ ಟಾರ್ಚ್ ಹಿಡಿದು ಹುಡುಕಿದರು. ಮೂರನೇ ರಾತ್ರಿ ಗೊತ್ತಾಯಿತು, ಆ ಕರಕರ ಸದ್ದು ನನ್ನ ಬಾಯಿಂದ ಬರುತ್ತಿತ್ತು.

ನಾನು ಬ್ಲೌಸ್ ಹೊಲಿಯುವವಳು. ಅದು ಮದುವೆ ಸೀಸನ್ ಬೇರೆ. ಬೆಳಿಗ್ಗೆ ಎದ್ದರೆ ದವಡೆ ಬಿಗಿ, ಕಿವಿಯ ಮುಂದೆ ನೋವು, ತಣ್ಣೀರು ತಾಗಿದರೆ ಹಲ್ಲು ಜುಮ್ ಅನ್ನೋದು. ಹೊಟ್ಟೆಹುಳ ಇರಬೇಕು ಅಂದರು ಅತ್ತೆ. ಹುಳದ ಮಾತ್ರೆ ನುಂಗಿದೆ, ಸದ್ದು ಹಾಗೇ ಇತ್ತು. ಕೊನೆಗೆ ನಿಪ್ಪಟ್ಟು ತಿನ್ನುವಾಗ ದವಡೆಹಲ್ಲಿನ ಮೂಲೆ ಮುರಿದ ಮೇಲೇ ಹಲ್ಲಿನ ಡಾಕ್ಟರ ಹತ್ತಿರ ಹೋದದ್ದು. ನೀವು ಅಷ್ಟು ಕಾಯಬೇಡಿ. ಕನ್ನಡಿ ಮುಂದೆ ನಾಲಿಗೆ ಚಾಚಿ ನೋಡಿ. ನನ್ನ ನಾಲಿಗೆಯ ಅಂಚು ಕರ್ಜಿಕಾಯಿ ಅಂಚಿನ ಹಾಗೆ ಆಗಿತ್ತು, ಹಲ್ಲು ಒತ್ತಿ ಒತ್ತಿ.

ಡಾಕ್ಟರು ಅಚ್ಚು ತೆಗೆದು, ಮೇಲಿನ ಹಲ್ಲಿಗೆ ನೈಟ್ ಗಾರ್ಡ್, ಅಂದರೆ ಮಲಗುವಾಗ ಹಾಕಿಕೊಳ್ಳುವ ಪ್ಲಾಸ್ಟಿಕ್ ಕವಚ, ಮಾಡಿಸಿಕೊಟ್ಟರು. ಅದು ಕಡಿಯೋದನ್ನು ನಿಲ್ಲಿಸಲ್ಲ, ಹಲ್ಲಿನ ಬದಲು ತಾನು ಸವೆಯುತ್ತದೆ. ಸೂಜಿ ಚುಚ್ಚದಂತೆ ಬೆರಳಿಗೆ ಟೊಪ್ಪಿ ಹಾಕಿಕೊಳ್ಳುತ್ತೀವಲ್ಲ, ಹಾಗೆ. ತಣ್ಣೀರಲ್ಲಿ ಮೆತ್ತನೆ ಬ್ರಷ್‌ನಿಂದ ತೊಳೆದು ಒಣಗಿಸಿ. ಶುದ್ಧವಾಗಲಿ ಅಂತ ನಾನು ಬಿಸಿನೀರು ಹುಯ್ದೆ. ಸೊಟ್ಟಗಾಯಿತು, ಮತ್ತೆ ದುಡ್ಡು ದಂಡ.

ನನಗೆ ಜಾಸ್ತಿ ಗುಣ ಕೊಟ್ಟದ್ದು ಹಗಲಿನ ಅಭ್ಯಾಸ. ಗಮನಿಸಿದಾಗ ತಿಳಿಯಿತು, ಸೂಜಿಗೆ ದಾರ ಪೋಣಿಸುವಾಗ ಹಲ್ಲು ಕಚ್ಚಿಕೊಂಡಿರುತ್ತೇನೆ. ಗುಂಡುಪಿನ್ನು ಹಲ್ಲಿನ ಮಧ್ಯೆ, ದಾರ ತುಂಡು ಮಾಡೋದೂ ಹಲ್ಲಿನಿಂದಲೇ. ಈಗ ಕತ್ತರಿಯನ್ನು ಮೆಷಿನ್‌ಗೇ ಕಟ್ಟಿದ್ದೇನೆ. ಜೊತೆಗೆ ಕಣ್ಣೆದುರು ಒಂದು ಕೆಂಪು ಗುಂಡಿ ಅಂಟಿಸಿದ್ದೇನೆ. ಅದು ಕಂಡಾಗೆಲ್ಲ ನೋಡಿಕೊಳ್ಳುತ್ತೇನೆ: ತುಟಿ ಮುಚ್ಚಿರಬೇಕು, ಹಲ್ಲು ಬಿಟ್ಟಿರಬೇಕು. ಹಲ್ಲು ಕಿರಿಯೋದಲ್ಲ ಮತ್ತೆ! ಮೇಲಿನ ಸಾಲು ಕೆಳಗಿನ ಸಾಲಿಗೆ ತಾಗಬಾರದು, ನಾಲಿಗೆ ಮೇಲಿನ ಮುಂಹಲ್ಲಿನ ಹಿಂದೆ ಸುಮ್ನೆ ಒರಗಿರಬೇಕು. ನೀವು ಗುಂಡಿಯನ್ನು ಮೊಬೈಲಿಗೋ ಫ್ರಿಜ್ಜಿಗೋ ಅಂಟಿಸಬಹುದು.

ಮಲಗುವ ಮುಂಚೆ ಬಿಸಿನೀರಲ್ಲಿ ಹಿಂಡಿದ ಟವೆಲನ್ನು 10 ನಿಮಿಷ ಕೆನ್ನೆಗೆ ಇಟ್ಟುಕೊಳ್ಳಿ. ಆಮೇಲೆ ಒಮ್ಮೆ ಹಲ್ಲು ಕಚ್ಚಿ ನೋಡಿ, ದವಡೆ ಮೂಲೆಯಲ್ಲಿ ಗಂಟಿನ ಹಾಗೆ ಉಬ್ಬುತ್ತದೆ. ಹಲ್ಲು ಸಡಿಲಬಿಟ್ಟು ಅಲ್ಲೇ ಎರಡು ಬೆರಳಿಂದ ಮೆಲ್ಲಗೆ ತಿಕ್ಕಿ. ರಾತ್ರಿ 9ಕ್ಕೆ ಕುಡಿಯುತ್ತಿದ್ದ ಚಹಾ ಬಿಟ್ಟೆ, ಅದೇ ಕಷ್ಟವಾಯಿತು. ಕುಡಿತ, ಬೀಡಿ, ಸಿಗರೇಟೂ ಹಲ್ಲು ಕಡಿಯೋದನ್ನು ಹೆಚ್ಚಿಸುತ್ತವೆ. ದವಡೆ ನೋಯುವಾಗ ಚಕ್ಕುಲಿ, ಕಬ್ಬು, ಚೂಯಿಂಗ್ ಗಮ್ ದೂರ ಇಡಿ.

ಜೋರು ಗೊರಕೆ, ನಡುವೆ ಉಸಿರು ಕಟ್ಟಿದ ಹಾಗೆ, ಹಗಲೆಲ್ಲ ತೂಕಡಿಕೆ ಇದ್ದರೆ ಡಾಕ್ಟರಿಗೆ ಅದನ್ನೇ ಮೊದಲು ಹೇಳಿ, ನಿದ್ದೆಯ ಪರೀಕ್ಷೆ ಬೇಕಾಗಬಹುದು. ಖಿನ್ನತೆಯ ಕೆಲವು ಮಾತ್ರೆಗಳಿಂದಲೂ ಹಲ್ಲು ಕಡಿಯೋದುಂಟು. ಆದರೆ ನೀವಾಗೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ. ಮಕ್ಕಳಲ್ಲಿ ಸಾಮಾನ್ಯವಾಗಿ ತಾನಾಗೇ ಹೋಗುತ್ತದೆ.

ಮತ್ತೆ ತೋರಿಸಲು ಹೋಗುವಾಗ ಗಾರ್ಡನ್ನೂ ತೆಗೆದುಕೊಂಡು ಹೋಗಿ. ಅದರ ಮೇಲಿನ ಗೀರು ನೋಡಿ ಎಲ್ಲಿ ಒತ್ತಡ ಬೀಳುತ್ತಿದೆ ಅಂತ ಡಾಕ್ಟರು ಸರಿಮಾಡುತ್ತಾರೆ. ನನ್ನದರಲ್ಲಿ ಬಲಗಡೆ ಗೀರು ಜಾಸ್ತಿ. ನಾನು ದಾರ ಕಡಿಯುತ್ತಿದ್ದದ್ದೂ ಅದೇ ಕಡೆ.