ಕೊಪ್ಪಳ ಅಂತ ಹುಡುಕಿದರೆ ಕೊಪ್ಪಳ ಸಿಗುವುದಿಲ್ಲ

ಐದಾರು ವರ್ಷದ ಹಿಂದಿನ ಮಾತು. ಒಂಬತ್ತನೇ ಕ್ಲಾಸಿನ ಮಕ್ಕಳನ್ನು ಇಟಗಿಗೆ ಕರೆದುಕೊಂಡು ಹೋಗಿದ್ದೆ. ಕುಕನೂರು ಕಡೆಯ ನಮಗೆ ಮಹಾದೇವ ದೇವಾಲಯ ಹೊಸದೇನಲ್ಲ. ಬುತ್ತಿ ಕಟ್ಟಿಕೊಂಡು ಹೋಗಿ, ನೆರಳಲ್ಲಿ ಕೂತು ಉಂಡು ಬರುವ ಜಾಗ. ಕನ್ನಡ ಮಾಸ್ತರ ಅಂದಮೇಲೆ ಸುಮ್ನೆ ಇರೋಕಾಗುತ್ತಾ? ಗಂಟಲು ಸರಿಮಾಡಿಕೊಂಡು, "ಇದು ದೇವಾಲಯ ಚಕ್ರವರ್ತಿ. ಹಾಗಂತ ಶಾಸನದಲ್ಲೇ ಬರೆದಿದೆ" ಎಂದೆ. ಹಿಂದೆ ನಿಂತಿದ್ದ ಒಬ್ಬ ಹುಡುಗ ಶಾಸನದ ಕಲ್ಲನ್ನೇ ನೋಡುತ್ತಾ, "ಎಲ್ಲಿ ಬರ್ದಾರ್ರಿ ಸರ? ತೋರಸ್ರಿ" ಎಂದ.

ತೋರಿಸೋಕೆ ಆಗಲಿಲ್ಲ. ಎಂ.ಎ.ದಲ್ಲಿ ಶಾಸನಶಾಸ್ತ್ರ ಒಂದು ಪೇಪರ್ ಓದಿದವನು ನಾನು. ಆದರೆ ಆ ಮಾತನ್ನು ಪುಸ್ತಕದಲ್ಲಿ ಓದಿದ್ದೆನೇ ಹೊರತು ಕಲ್ಲಿನಲ್ಲಿ ನೋಡಿರಲಿಲ್ಲ. "ಮುಂದಿನ ವಾರ ಹೇಳ್ತೀನಿ" ಎಂದು ಜಾರಿಕೊಂಡೆ. ಆ ಮುಂದಿನ ವಾರ ಬರೋಕೆ ನಾಲ್ಕು ತಿಂಗಳು ಹಿಡಿಯಿತು.

ರಾತ್ರಿ ಊಟ ಮುಗಿಸಿ ಫೋನಿನಲ್ಲಿ ಹುಡುಕಿದೆ. ಹತ್ತಾರು ಪುಟ ಬಂದವು. ಎಲ್ಲದರಲ್ಲೂ ಅದೇ ಸಾಲು: 1112ರಲ್ಲಿ ಚಾಲುಕ್ಯ ಅರಸ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನ ಇದನ್ನು ದೇವಾಲಯ ಚಕ್ರವರ್ತಿ ಎನ್ನುತ್ತದೆ. ಒಂದರಿಂದ ಇನ್ನೊಂದು ಎತ್ತಿಕೊಂಡಿದ್ದು ಅಷ್ಟೇ. ಆ ಶಾಸನದ ಪೂರ್ತಿ ಪಾಠ ಎಲ್ಲಿ ಅಚ್ಚಾಗಿದೆ ಅಂತ ಒಂದರಲ್ಲೂ ಇರಲಿಲ್ಲ.

ಶಾಸನ ಅಂದರೆ ನಮಗೆ ಮೊದಲು ನೆನಪಾಗುವುದು ಬಿ.ಎಲ್. ರೈಸ್ ತಂದ ಶಾಸನ ಸಂಗ್ರಹ, ಎಪಿಗ್ರಾಫಿಯಾ ಕರ್ನಾಟಿಕಾ. 1886ರಿಂದ 1904ರವರೆಗೆ ಬಂದ ಹನ್ನೆರಡು ಸಂಪುಟ. ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತವೆ ಅಂತ ಗೊತ್ತಾದಾಗ ಕುಣಿದಾಡಿದ್ದೆ. ಒಂದೊಂದು ಫೈಲೂ ದೊಡ್ಡದು. ನಮ್ಮೂರಿನ ನೆಟ್‌ವರ್ಕ್ ಅರ್ಧಕ್ಕೆ ಕೈ ಕೊಡುತ್ತಿತ್ತು. ಶನಿವಾರ ಶಾಲೆ ಮುಗಿಸಿ ಕೊಪ್ಪಳಕ್ಕೆ ಹೋಗಿ, ಗೆಳೆಯನ ಝೆರಾಕ್ಸ್ ಅಂಗಡಿಯಲ್ಲಿ ಕೂತು ಇಳಿಸಿಕೊಂಡು ಬರುತ್ತಿದ್ದೆ. ಒಂದು ತಿಂಗಳು ಹೀಗೇ ಹೋಯಿತು. ಹನ್ನೆರಡೂ ಸಂಪುಟ ಪೆನ್‌ಡ್ರೈವಿಗೆ ಬಂದವು. ಇಟಗಿ ಮಾತ್ರ ಬರಲಿಲ್ಲ.

ಎಷ್ಟು ಪೆದ್ದನಾಗಿದ್ದೆ ಅಂತ ಹೊಳೆದಿದ್ದು ಆಮೇಲೆ. ರೈಸ್ ಸಾಹೇಬರು ಕೆಲಸ ಮಾಡಿದ್ದು ಮೈಸೂರು ಸಂಸ್ಥಾನದಲ್ಲಿ. ಓದಿಸಿದ್ದು ಮೈಸೂರು ಮತ್ತು ಕೊಡಗಿನ ಕಲ್ಲುಗಳನ್ನು. ನಾವು ಆಗ ಮೈಸೂರಿನವರು ಎಲ್ಲಿದ್ದೆವು? ಕೊಪ್ಪಳ, ರಾಯಚೂರು ನಿಜಾಮರ ಹೈದರಾಬಾದಿಗೆ ಸೇರಿದ್ದವು. ಕೊಪ್ಪಳವಂತೂ ಸಾಲಾರ್ ಜಂಗರ ಜಹಗೀರು. ಬಳ್ಳಾರಿ ಬ್ರಿಟಿಷರ ಮದ್ರಾಸು ಪ್ರಾಂತ್ಯದಲ್ಲಿತ್ತು. ಪಕ್ಕದ ಗದಗ ಮುಂಬೈ ಪ್ರಾಂತ್ಯದಲ್ಲಿ. ಕಲ್ಲು ನಿಂತಲ್ಲೇ ನಿಂತಿದೆ, ಆದರೆ ಅದರ ಅಕ್ಷರ ಅಚ್ಚಾಗಿದ್ದು ಆಗಿನ ಸರ್ಕಾರದ ಲೆಕ್ಕದಲ್ಲಿ.

ಇದು ತಲೆಗೆ ಹೋದ ಮೇಲೆ ದಾರಿ ತಿಳಿಯಾಯಿತು. ಬಳ್ಳಾರಿ ಕಡೆಯ ಕಲ್ಲಾದರೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಸರಣಿಯ ಒಂಬತ್ತನೇ ಸಂಪುಟ ನೋಡಬೇಕು. ಎರಡು ಭಾಗ, 1939 ಮತ್ತು 1941ರಲ್ಲಿ ಬಂದವು. ಗದಗ, ಧಾರವಾಡ ಕಡೆಯದಾದರೆ ಅದೇ ಸರಣಿಯ 11, 15, 18, 20. ಕೊಪ್ಪಳ ಊರಿನ ಶಾಸನಗಳಿಗೆ ಹೈದರಾಬಾದ್ ಆರ್ಕಿಯಲಾಜಿಕಲ್ ಸೀರೀಸ್‌ನಲ್ಲಿ ಸಿ.ಆರ್. ಕೃಷ್ಣಮಾಚಾರ್ಲು 1935ರಲ್ಲಿ ತಂದ ಪುಸ್ತಕ ಇದೆ. ರಾಯಚೂರಿನ ಪರ್ಷಿಯನ್ ಶಾಸನಗಳಿಗೆ ಎಪಿಗ್ರಾಫಿಯಾ ಇಂಡೋ-ಮೊಸ್ಲೆಮಿಕಾ ಅಂತ ಬೇರೆಯೇ ಸರಣಿ. ರಾಯಚೂರು ಕೋಟೆಯ ಗೋಡೆಯಲ್ಲಿ 40 ಅಡಿಗೂ ಉದ್ದದ ಒಂದು ಕಲ್ಲು ಇದೆ ನೋಡಿ, 1294ರದ್ದು, ಕಾಕತೀಯರ ಕಾಲದ್ದು. ಅದರ ಭಾಷೆ ತೆಲುಗು. ಅದನ್ನು ಕನ್ನಡ ಸಂಪುಟಗಳಲ್ಲಿ ಹುಡುಕುತ್ತಾ ಕೂತರೆ ಮುಗೀತು ಕಥೆ.

ಇಟಗಿ ಶಾಸನ ಸಿಕ್ಕಿದ್ದು ಇಡೀ ದೇಶದ ಶಾಸನಗಳನ್ನು ಅಚ್ಚು ಹಾಕಿದ ಎಪಿಗ್ರಾಫಿಯಾ ಇಂಡಿಕಾ ಸರಣಿಯ 13ನೇ ಸಂಪುಟದಲ್ಲಿ. ಓದಿ ಅಚ್ಚು ಹಾಕಿಸಿದವರು ಎಲ್.ಡಿ. ಬಾರ್ನೆಟ್. ಆದರೆ ಸಂಪುಟ ಕೈಯಲ್ಲಿದ್ದರೂ ಶಾಸನ ಬೇಗ ಸಿಗಲಿಲ್ಲ. ನಾನು ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಟಿ ಹಾಕಿ ಇಟಗಿ ಅಂತ ಹುಡುಕುತ್ತಿದ್ದೆ. ಬಾರ್ನೆಟ್ ಎರಡು ಟಿ ಹಾಕಿ ಇಟ್ಟಗಿ ಮಾಡಿಟ್ಟಿದ್ದರು. ಒಂದು ಅಕ್ಷರಕ್ಕೆ ಎರಡು ವಾರ ಹೋಯಿತು.

ಅವತ್ತೇ ನೂರು ಪುಟದ ಒಂದು ನೋಟ್‌ಬುಕ್ ತಂದೆ. ಎಡಕ್ಕೆ ಈಗಿನ ಹೆಸರು, ಬಲಕ್ಕೆ ಹಳೆಯವರು ಬರೆದ ರೂಪ. ಕೊಪ್ಪಳದ ಮುಂದೆ ಕೊಪ್‌ಬಾಲ್. ನಿಜಾಮರ ಕಾಲದ ಪುಸ್ತಕಗಳಲ್ಲಿ ಪಿ ಆದಮೇಲೆ ಬಿ ಬರುತ್ತದೆ. ಈಗಿನ ಸ್ಪೆಲ್ಲಿಂಗ್ ಹೊಡೆದರೆ ಒಂದೂ ಬರುವುದಿಲ್ಲ. ಅದರ ಕೆಳಗೆ ಕೊಪಣ. ಅದು ಶಾಸನಗಳ, ಕಾವ್ಯಗಳ ಹೆಸರು. ಕವಿರಾಜಮಾರ್ಗ ಕನ್ನಡದ ತಿರುಳು ಇರುವ ನಾಡನ್ನು ಹೇಳುವಾಗ ಎಣಿಸುವ ನಾಲ್ಕು ಊರಲ್ಲಿ ಕೊಪಣವೂ ಒಂದು. ರಾಯಚೂರಿನ ಮುಂದೆ ರಾಚೋಲ್. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸಿನ ನೂನಿಜ್ ಹಾಗೇ ಬರೆದ. ಅವನ ಪಾಲಿಗೆ ವಿಜಯನಗರ ಬಿಸ್ನಗ. ರಾಬರ್ಟ್ ಸೆವೆಲ್ 1900ರಲ್ಲಿ ನೂನಿಜ್ ಮತ್ತು ಅವನಂತೆಯೇ ಬಂದಿದ್ದ ಪೇಸ್ ಇಬ್ಬರ ಬರಹವನ್ನೂ ಇಂಗ್ಲಿಷಿನಲ್ಲಿ ಸೇರಿಸಿ ತಂದ ಪುಸ್ತಕ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿದೆ. ಅದು ಮನುಷ್ಯರು ತಿದ್ದಿದ ಪಠ್ಯ, ಹುಡುಕೋದು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ರಾಯಚೂರು ಯುದ್ಧದ ವರ್ಷವನ್ನು ನೂನಿಜ್ 1522 ಎನ್ನುತ್ತಾನೆ. ಸೆವೆಲ್ ಅಮಾವಾಸ್ಯೆ, ಶನಿವಾರ ಎಲ್ಲ ಲೆಕ್ಕ ಹಾಕಿ 1520ರ ಮೇ 19 ಎಂದು ತಿದ್ದುತ್ತಾರೆ. ಆ ಪುಟಗಳನ್ನು ಓದಿಯೇ ನನಗೆ ತಾರೀಕಿನ ಹುಚ್ಚು ಹಿಡಿದಿದ್ದು. ಅದನ್ನು ಆಮೇಲೆ ಹೇಳುತ್ತೇನೆ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ತೊಡಕು. ಕೊಪ್ಪಳ ಬೇರೆ ಜಿಲ್ಲೆಯಾಗಿದ್ದು 1997ರಲ್ಲಿ. ಅದಕ್ಕೂ ಮೊದಲಿನ ಪುಸ್ತಕಗಳಲ್ಲಿ ನಾವೆಲ್ಲ ರಾಯಚೂರು ಜಿಲ್ಲೆ. ನೋಟ್‌ಬುಕ್ಕಿನಲ್ಲಿ ಅದಕ್ಕೂ ಒಂದು ಕಾಲಂ ಹಾಕಿಕೊಂಡೆ.

ಸರಿ, ಇಟಗಿ ಶಾಸನ ಸಿಕ್ಕಿತು. ಈಗ ಅದರೊಳಗೆ ದೇವಾಲಯ ಚಕ್ರವರ್ತಿ ಎಲ್ಲಿದೆ? ಪಾಠ ಇರುವುದು ಇಂಗ್ಲಿಷ್ ಅಕ್ಷರದಲ್ಲಿ, ಮೇಲೆ ಕೆಳಗೆ ಗೆರೆ, ಚುಕ್ಕೆ. ಸ್ಕ್ಯಾನ್ ಮಾಡಿದ ಪುಟವನ್ನು ಯಂತ್ರ ಓದಿ ಕೊಟ್ಟ ಪಠ್ಯದಲ್ಲಿ ಆ ಗೆರೆ ಚುಕ್ಕೆಗಳೆಲ್ಲ ಕಲಸುಮೇಲೋಗರ. ಚಕ್ರವರ್ತಿ ಅಂತ ಹೊಡೆದೆ, ಬರಲಿಲ್ಲ. ಒಂದು ರಾತ್ರಿ ಕರೆಂಟು ಹೋಯಿತು. ಕತ್ತಲಲ್ಲಿ ಕೂತಾಗ ಎಂ.ಎ. ಕ್ಲಾಸಿನ ಪಾಠ ನೆನಪಾಯಿತು. ಶಾಸನದಲ್ಲಿ ರಕಾರದ ನಂತರದ ವ್ಯಂಜನ ಇಮ್ಮಡಿಯಾಗುತ್ತದೆ. ಧರ್ಮ ಅಲ್ಲ, ಧರ್ಮ್ಮ. ಕೀರ್ತಿ ಅಲ್ಲ, ಕೀರ್ತ್ತಿ. ಹಾಗಾದರೆ ಇದು ಚಕ್ರವರ್ತ್ತಿ ಆಗಿರಬೇಕಲ್ವಾ? ಕರೆಂಟು ಬಂದ ಕೂಡಲೇ ಇನ್ನೊಂದು ಟಿ ಸೇರಿಸಿ ಹುಡುಕಿದೆ. ಸಿಕ್ಕಿತು. ಮಲಗಿದ್ದ ಮನೆಯವಳನ್ನು ಎಬ್ಬಿಸಿ ತೋರಿಸಿದೆ. "ಅದು ಅಲ್ಲೇ ಇತ್ತಲ್ರಿ, ಎಲ್ಲಿ ಓಡಿ ಹೋಗಿತ್ತು?" ಎಂದು ಮಗ್ಗುಲು ಬದಲಿಸಿದಳು.

ಆ ಇಡೀ ಪಾಠವನ್ನು ಕನ್ನಡ ಲಿಪಿಗೆ ತರಲು ಅಕ್ಷರಮುಖ ಅನ್ನುವ ಸಾಧನ ಬಳಸಿದೆ. ಗೆರೆ ಚುಕ್ಕೆ ಸರಿಯಾಗಿ ಟೈಪ್ ಮಾಡಿಕೊಟ್ಟರೆ ಕನ್ನಡಕ್ಕೆ ತಿರುಗಿಸಿಕೊಡುತ್ತದೆ. ರಾತ್ರಿಗೆ ನಾಲ್ಕೈದು ಸಾಲು ಕೂರಿಸುತ್ತಿದ್ದೆ. ನಿಧಾನವೇ, ಆದರೆ ಹಾಗೆ ಟೈಪ್ ಮಾಡುವಾಗಲೇ ಶಾಸನ ಒಳಗೆ ಇಳಿದಿದ್ದು. ಮಹಾದೇವ ತನ್ನ ದೇವರಿಗಷ್ಟೇ ಗುಡಿ ಕಟ್ಟಿಸಲಿಲ್ಲ, ತಂದೆ ಮತ್ತು ತಾಯಿಯ ಹೆಸರಿನಲ್ಲೂ ಕಟ್ಟಿಸಿದ. ಇದು ನಾನು ಅದುವರೆಗೆ ಮಕ್ಕಳಿಗೆ ಹೇಳಿರಲೇ ಇಲ್ಲ.

ಬಳ್ಳಾರಿ ಸಂಪುಟದಲ್ಲಿ ಈ ಕಷ್ಟವಿಲ್ಲ, ಪಾಠ ಕನ್ನಡ ಲಿಪಿಯಲ್ಲೇ ಇದೆ. ಆದರೆ ಅಲ್ಲಿ ಬೇರೆ ಕಷ್ಟ. ಹಳೆಯ ಅಚ್ಚಿನ ಒತ್ತಕ್ಷರಗಳನ್ನು ಯಂತ್ರ ಸರಿಯಾಗಿ ಓದುವುದಿಲ್ಲ. ನಾನು ಮಾಡುವುದು ಇಷ್ಟು: ಬೇಕಾದ ಪುಟದ ಚಿತ್ರವನ್ನು ಮಾತ್ರ ಗೂಗಲ್ ಡ್ರೈವ್‌ಗೆ ಹಾಕಿ, ಡಾಕ್ಸ್‌ನಲ್ಲಿ ತೆರೆಯುತ್ತೇನೆ. ಅಕ್ಷರ ಬರುತ್ತದೆ. ಆಮೇಲೆ ಕೈಯಾರೆ ತಿದ್ದುತ್ತೇನೆ. ಹಳಗನ್ನಡದ ಱ ಮತ್ತು ೞ ಅಕ್ಷರಗಳು ಕೀಬೋರ್ಡಿನಲ್ಲಿ ಎಲ್ಲಿವೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಪೊೞಲ್ ಇರುವ ಕಡೆ ಪೊಳಲ್ ಅಂತ ಹುಡುಕಿದರೆ ಕಂಪ್ಯೂಟರಿಗೆ ಅದು ಬೇರೆಯೇ ಪದ. ಇನ್ನು ಹಳೇ ನುಡಿ ಫಾಂಟಿನ ಪಿಡಿಎಫ್ ಸಿಕ್ಕರೆ, ಕಣ್ಣಿಗೆ ಕನ್ನಡ ಕಂಡರೂ ಒಳಗೆ ಯೂನಿಕೋಡ್ ಇರುವುದಿಲ್ಲ. ಕಾಪಿ ಮಾಡಿದರೆ ಗೀಚುಗೀಚು. ಪರಿವರ್ತಕದಲ್ಲಿ ಹಾಕಿ ಬದಲಿಸಿಕೊಳ್ಳಬೇಕು.

ಹಂಪಿ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ಶಾಸನ ಸಂಪುಟ ತಂದಿದೆ, ಬಳ್ಳಾರಿಗೂ ಇದೆ, ಕೊಪ್ಪಳಕ್ಕೂ ಇದೆ. ಅದನ್ನು ಲೈಬ್ರರಿಯಲ್ಲಿ ಕೈಯಲ್ಲಿ ಹಿಡಿದು ನೋಡಿದ್ದರೆ ನನ್ನ ಅರ್ಧ ಓಡಾಟ ತಪ್ಪುತ್ತಿತ್ತು. ಎಲ್ಲ ಆನ್‌ಲೈನ್ ಸಿಗಬೇಕು ಅನ್ನುವ ಹಟ ನನ್ನದು, ಏನು ಮಾಡೋಣ.

ಎಪಿಗ್ರಾಫಿಯಾ ಕರ್ನಾಟಿಕಾ ಕೆಲಸಕ್ಕೆ ಬರಲಿಲ್ಲ ಅಂದೆನಲ್ಲ, ಅದು ಪೂರ್ತಿ ನಿಜವಲ್ಲ. ಕೊಪಣ ಅನ್ನುವ ಹೆಸರು ಹಿಡಿದು ಮತ್ತೆ ಅದೇ ಪೆನ್‌ಡ್ರೈವ್ ಜಾಲಾಡಿದಾಗ ಶ್ರವಣಬೆಳಗೊಳದ ಸಂಪುಟದಲ್ಲಿ ನಮ್ಮೂರು ಎದ್ದು ಬಂತು. ಹೊಯ್ಸಳರ ದಂಡನಾಯಕ ಹುಳ್ಳ ಕೊಪಣ ತೀರ್ಥಕ್ಕೆ ದಾನ ಕೊಟ್ಟ ಸಂಗತಿ ಅಲ್ಲಿಯ ಕಲ್ಲಿನಲ್ಲಿದೆ. ಜೈನರಿಗೆ ಕೊಪ್ಪಳ ಎಷ್ಟು ದೊಡ್ಡ ತೀರ್ಥವಾಗಿತ್ತು ಅನ್ನುವುದು ಕೊಪ್ಪಳದ ಕಲ್ಲಷ್ಟೇ ಓದಿದರೆ ಗೊತ್ತಾಗುವುದಿಲ್ಲ. ಕೊಪ್ಪಳದ ಪಲ್ಲಕ್ಕಿ ಗುಂಡಿನ ಮೇಲೆ ಜಟಾಸಿಂಹನಂದಿಯ ಪಾದಗಳನ್ನು ಚಾವಯ್ಯ ಎನ್ನುವವನು ಮಾಡಿಸಿದ ಎಂಬ ಸಣ್ಣ ಶಾಸನವಿದೆ. ವರಾಂಗಚರಿತ ಬರೆದ ಕವಿ ಈ ಜಟಾಸಿಂಹನಂದಿ. ಅವನನ್ನು ಹುಡುಕುವಾಗಲೂ ಒಂದೇ ಹೆಸರಿಗೆ ಜೋತುಬೀಳಬಾರದು. ಶಾಸನದಲ್ಲಿ ಜಟಾಸಿಂಗನಂದಿ, ಕಾವ್ಯಗಳಲ್ಲಿ ಜಟಾಚಾರ್ಯ, ಕೆಲವು ಕಡೆ ಬರೀ ಜಟಿಲ. ಸುಮ್ನೆ ಜಟಾ ಅಂತ ಎರಡೇ ಅಕ್ಷರ ಹೊಡೆದು, ಬಂದ ಕಸದಲ್ಲಿ ಆರಿಸಿಕೊಳ್ಳುವುದು ನನ್ನ ಪದ್ಧತಿ.

ವಚನಗಳ ವಿಷಯದಲ್ಲಿ ನಾವು ಪುಣ್ಯವಂತರು. ವಚನ ಸಂಚಯದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳು ಯೂನಿಕೋಡಿನಲ್ಲಿವೆ, ಪದ ಕೊಟ್ಟರೆ ಯಾವ ಯಾವ ವಚನದಲ್ಲಿದೆ ಅಂತ ತೋರಿಸುತ್ತದೆ. ದಾಸರ ಪದಗಳಿಗೂ ಅಂಥದ್ದೇ ಸಂಚಯವಿದೆ. ಇಟಗಿ ಗುಡಿ ಎದ್ದ ಶತಮಾನದಲ್ಲೇ ಬಸವಣ್ಣ ಉಳ್ಳವರು ಶಿವಾಲಯ ಮಾಡುವರು ಎಂದಿದ್ದು. ಹಾಗಾಗಿ ಗುಡಿ ಕಟ್ಟಿಸುವವರ ಬಗ್ಗೆ ಉಳಿದ ಶರಣರು ಏನಂದರು ನೋಡೋಣ ಅಂತ ದೇಗುಲ, ಶಿವಾಲಯ ಎರಡನ್ನೂ ಹುಡುಕಿದೆ. ಕನ್ನಡದಲ್ಲಿ ಪದ ಒಂಟಿಯಾಗಿ ನಿಲ್ಲೋದು ಕಡಿಮೆ. ದೇಗುಲದ, ದೇಗುಲಕ್ಕೆ, ದೇಗುಲವೆಂಬ, ಇವೆಲ್ಲ ಬೇರೆ ಬೇರೆ ಪದವಾಗಿ ಬರುತ್ತವೆ. ಮೂಲ ರೂಪ ಒಂದನ್ನೇ ನೋಡಿ ಲೆಕ್ಕ ಹೇಳಬೇಡಿ. ಅರ್ಥ ತಿಳಿಯದ ಪದಕ್ಕೆ ನಾನು ಮೊದಲು ಅಲರ್ ನೋಡುತ್ತೇನೆ, ವಿ. ಕೃಷ್ಣ ಅವರ ಕನ್ನಡ-ಇಂಗ್ಲಿಷ್ ಕೋಶ. ಅಲ್ಲಿ ಆಗದಿದ್ದರೆ 1894ರ ಕಿಟೆಲ್, ಅದು ಸ್ಕ್ಯಾನಿನಲ್ಲಿ.

ಈಗ ತಾರೀಕಿನ ಹುಚ್ಚು. ಆರನೇ ವಿಕ್ರಮಾದಿತ್ಯ ಶುರು ಮಾಡಿದ ಚಾಲುಕ್ಯ ವಿಕ್ರಮ ವರ್ಷದ ಎಣಿಕೆ 1076ರಿಂದ. ಶಾಸನದ ವರ್ಷಕ್ಕೆ 1075 ಕೂಡಿಸಿದರೆ ಇಸವಿ ಬರುತ್ತದೆ. ಇಟಗಿಯದು 37ನೇ ವರ್ಷ, ಅಂದರೆ 1112. ಆ ವರ್ಷದ ಸಂವತ್ಸರ ನಂದನ. ಇಷ್ಟು ಕಲಿತದ್ದೇ ತಡ, ನಮ್ಮೂರ ಹತ್ತಿರದ ಹೊಲದಲ್ಲಿದ್ದ ಒಂದು ವೀರಗಲ್ಲಿನಲ್ಲಿ ನಂದನ ಅನ್ನುವ ಪದ ಕಂಡಿತು. ಮೇಲಿನ ಸಾಲು ಸವೆದಿತ್ತು. ಇದೂ 1112, ಇಟಗಿಯ ವಾರಗೆಯದೇ ಅಂತ ಊರಲ್ಲೆಲ್ಲ ಸಾರಿಬಿಟ್ಟೆ. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳಿ ಬರುತ್ತದೆ ಅನ್ನುವುದು ಯುಗಾದಿ ಪಂಚಾಂಗ ಕೇಳುವ ಅಜ್ಜನಿಗೂ ಗೊತ್ತು, ನನಗೆ ಮರೆತಿತ್ತು. ಆಮೇಲೆ ಓರೆ ಬೆಳಕಿನಲ್ಲಿ ತೆಗೆದ ಫೋಟೋದಲ್ಲಿ, ಸವೆದ ಸಾಲಿನಲ್ಲಿ 'ಸೋವಿ' ಎಂಬ ಎರಡು ಅಕ್ಷರ ಕಂಡವು. ಸೋವಿದೇವ ಕಲಚುರಿ ಅರಸ. ಅವನ ಆಳ್ವಿಕೆಯಲ್ಲಿ ಬರುವ ನಂದನ 1172. ಅರವತ್ತು ವರ್ಷದ ತಪ್ಪು. ಸಾರಿದ ಮನೆಗಳಿಗೆಲ್ಲ ಮತ್ತೆ ಹೋಗಿ ತಿದ್ದುವುದು ಸಾರಿದಷ್ಟು ಸುಖದ ಕೆಲಸವಲ್ಲ. ಅಂದಿನಿಂದ ತಿಥಿ, ವಾರ ಇದ್ದರೆ ಹಳೆಯ ತಿಥಿ, ವಾರಗಳನ್ನು ಇಸವಿಯ ತಾರೀಕಿಗೆ ಹೊಂದಿಸುವ ಕೋಷ್ಟಕ, ಸ್ವಾಮಿಕಣ್ಣು ಪಿಳ್ಳೆ ಅವರ ಇಂಡಿಯನ್ ಎಫೆಮೆರಿಸ್ ತೆಗೆದು ತಾಳೆ ನೋಡದೆ ಬಾಯಿ ಬಿಡುವುದಿಲ್ಲ. ಅದರ ಸಂಪುಟಗಳೂ ಆರ್ಕೈವ್‌ನಲ್ಲಿವೆ.

ಓರೆ ಬೆಳಕು ಅಂದರೆ ಇಷ್ಟೇ: ನಡು ಮಧ್ಯಾಹ್ನ ಫೋಟೋ ತೆಗೆಯಬೇಡಿ. ಬೆಳಿಗ್ಗೆ ಏಳಕ್ಕೆ ಅಥವಾ ಸಂಜೆ ಐದಕ್ಕೆ ಹೋಗಿ. ನೆರಳಿನಲ್ಲಿರುವ ಕಲ್ಲಾದರೆ, ಕ್ಷೌರದ ಕನ್ನಡಿಯಷ್ಟು ಚಿಕ್ಕ ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ಹಾಯಿಸಿ. ಅಕ್ಷರದ ಗುಳಿಯಲ್ಲಿ ನೆರಳು ಕೂತು ತಾನಾಗಿ ಎದ್ದು ಕಾಣುತ್ತದೆ. ವಿಭೂತಿ, ಸುಣ್ಣದ ಕಡ್ಡಿ, ಹಿಟ್ಟು ಬಳಿಯುವುದು ಬೇಡವೇ ಬೇಡ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿದ್ದಾರೆ. ಅಂಥ ಯಂತ್ರ ನಮ್ಮ ಹೊಲಗಳಿಗೆ ಬರುವವರೆಗೆ ಹತ್ತು ರೂಪಾಯಿ ಕನ್ನಡಿಯೇ ಗತಿ.

ಆ ಹುಡುಗನನ್ನು ಇಟಗಿಗೆ ಮತ್ತೆ ಕರೆದುಕೊಂಡು ಹೋದೆ. ಕೈಯಲ್ಲಿ ನಾನು ಕೂರಿಸಿದ ಕನ್ನಡ ಪಾಠ, ಅವನ ಕೈಯಲ್ಲಿ ಕನ್ನಡಿ. ಸಾಲು ಎಣಿಸುತ್ತಾ ಬಂದು ಆ ಪದದ ಮೇಲೆ ಬೆರಳು ತೋರಿಸಿದೆ. ಅವನು ಒಂದೊಂದೇ ಅಕ್ಷರ ಬಿಡಿಸಿ ನೋಡಿದ. "ಒತ್ತು ಜಾಸ್ತಿ ಕೊಟ್ಟಾರ ನೋಡ್ರಿ ಸರ. ನಾ ಹಿಂಗ ಬರದ್ರ ನೀವು ಮಾರ್ಕ್ಸ್ ಕಡಿತೀರಿ" ಎಂದ.

ನೋಟ್‌ಬುಕ್ ಈಗ ಎರಡನೆಯದು ನಡೆದಿದೆ. ಮೊನ್ನೆ ಕುರುಗೋಡು ಕಡೆಯ ಗೆಳೆಯನೊಬ್ಬ ಫೋನು ಮಾಡಿದ್ದ. ಅವನೂ ಮಾಸ್ತರನೇ. "ಎಪಿಗ್ರಾಫಿಯಾ ಇಂಡಿಕಾದಾಗ ನಮ್ಮೂರು ಐತಿ ಅಂತಾರ, ಎಷ್ಟು ಹುಡುಕಿದ್ರೂ ಸಿಗವಲ್ದು ಮಾರಾಯ" ಎಂದ. ಇಂಗ್ಲಿಷಿನಲ್ಲಿ ಹೇಗೆ ಬರೆದು ಹುಡುಕಿದೆ ಅಂತ ಕೇಳಿದೆ. ಎರಡನೇ ಯು ಮತ್ತು ಕೊನೆಯ ಯು ತೆಗೆದುಬಿಡು, ಕುರ್ಗೋಡ್ ಅಂತ ಹೊಡಿ ಎಂದೆ. ಹತ್ತು ನಿಮಿಷಕ್ಕೆ ಫೋನು ವಾಪಸ್ ಬಂತು.